ಬಟವಾಡೆಯ ಹೊತ್ತು

ಕ್ರೈಸ್ತರ ಸಂಜೆಯ ಪ್ರಾರ್ಥನೆಯನ್ನು ಕುರಿತು ಮಾತನಾಡಬೇಕೆಂದು ಕೇಳಿದಾಗ ನನ್ನ ಕಿವಿಗೆ ಮೊದಲು ಬಂದದ್ದು ಗಂಟೆಯ ನಾದವಲ್ಲ. ಹಂಚಿನ ಕಾರ್ಖಾನೆಯ ಕೂಗು. ಮಂಗಳೂರಿನಲ್ಲಿ ನೇತ್ರಾವತಿಯ ದಂಡೆಗೆ ಸಮೀಪವಾಗಿ ನಾವಿದ್ದ ಮನೆ. ಹೊಳೆಯ ಬದಿಯಲ್ಲಿ ಆಗ ಎಲ್ಲಿ ನೋಡಿದರೂ ಹಂಚಿನ ಕಾರ್ಖಾನೆಗಳ ಹೊಗೆಕೊಳವೆಗಳು. ಸಂಜೆಯಾಯಿತೆಂದರೆ ಒಂದರ ಹಿಂದೆ ಒಂದರಂತೆ ಅವು ಕೂಗಿಕೊಳ್ಳುತ್ತಿದ್ದುವು. ಕೂಗು ನಿಂತ ಅರ್ಧ ಗಂಟೆಗೆ ಅಪ್ಪ ಅಂಗಳದಲ್ಲಿ ಕಾಣಿಸಿಕೊಳ್ಳುತ್ತಿದ್ದರು. ಅಂಥದೊಂದು ಕಾರ್ಖಾನೆಯಲ್ಲಿ ಅವರು ಮೇಸ್ತ್ರಿ. ಬಾವಿಕಟ್ಟೆಯ ಬಳಿ ನಿಂತು ಕೈಕಾಲಿಗೆ ಹಿಡಿದ ಮಣ್ಣನ್ನು ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ತೊಳೆಯುವರು. ಕೈ ತೊಳೆಯುವುದಕ್ಕೆ ತೆಗೆದುಕೊಳ್ಳುವಷ್ಟು ಹೊತ್ತನ್ನು ಇವರು ಪ್ರಾರ್ಥನೆಗೆ ತೆಗೆದುಕೊಳ್ಳುವುದಿಲ್ಲ ಎಂದು ಅಮ್ಮ ನಗೆಯಾಡುತ್ತಿದ್ದರು.

ದೀಪ ಹಚ್ಚಿದ ಮೇಲೆ ಚಾಪೆ ಹಾಸುವುದು ತಂಗಿಯ ಕೆಲಸ. ಸತ್ಯವೇದವನ್ನು ಕಪಾಟಿನಿಂದ ಇಳಿಸಿ ತರುವುದು ನನ್ನದು. ಅಪ್ಪ ಒಂದು ಭಾಗವನ್ನು ಓದುವರು. ಎಲ್ಲರೂ ಸೇರಿ ಒಂದು ಗೀತೆ ಹಾಡುವೆವು. ಆಮೇಲೆ ಅಪ್ಪ ತಮ್ಮದೇ ಮಾತುಗಳಲ್ಲಿ ಬೇಡಿಕೊಳ್ಳುವರು. ಆ ರಾತ್ರಿ ಭಟ್ಟಿಯ ಬೆಂಕಿ ಕಾಯುವವರ ಹೆಸರನ್ನು ಅದರಲ್ಲಿ ಎಂದೂ ಬಿಡುತ್ತಿರಲಿಲ್ಲ. ಕೊನೆಗೆ ಕರ್ತನು ಕಲಿಸಿದ ಪ್ರಾರ್ಥನೆ. ಹೆಚ್ಚೆಂದರೆ ಇಪ್ಪತ್ತು ನಿಮಿಷ. ದಿನವೆಲ್ಲ ನಿಂತು ದುಡಿದ ದೇಹ. ಎಷ್ಟೋ ಸಲ ಅಪ್ಪ ನಡುವೆ ತೂಕಡಿಸುವರು, ಅಮ್ಮ ಮೆಲ್ಲನೆ ಕೆಮ್ಮುವರು, ಪ್ರಾರ್ಥನೆ ಮುಂದುವರಿಯುವುದು. ಮನೆಯ ಮಾತು ತುಳು. ದೇವರೊಡನೆ ಮಾತ್ರ ಕನ್ನಡ. ತುಳುವಿನಲ್ಲಿಯೂ ಹೊಸ ಒಡಂಬಡಿಕೆ ಅಚ್ಚಾಗಿತ್ತೆಂಬುದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ಚಿಕ್ಕಂದಿನಲ್ಲಿ ನಾನು, ದೇವರಿಗೆ ತುಳು ಬಾರದು ಎಂದೇ ಭಾವಿಸಿದ್ದೆ.

ಅಮ್ಮನ ಪ್ರಾರ್ಥನೆಗೆ ಒಂದು ತಡೆಯಿತ್ತು. ದಿನದ ಆಹಾರವನ್ನು ಬೇಡುವ ಮಾತು ಮುಗಿಯುವ ಹೊತ್ತಿಗೆ ಅವರು ಸದ್ದಿಲ್ಲದೆ ಎದ್ದು ಒಲೆಯ ಕಡೆಗೆ ನಡೆಯುವರು. ಕುಚ್ಚಲಕ್ಕಿಯ ಅನ್ನ ತಳ ಹಿಡಿಯಬಾರದಲ್ಲ! ಅದರ ಮುಂದಿನ ಬೇಡಿಕೆ, ಎಂದರೆ ತಪ್ಪುಗಳ ಕ್ಷಮೆಯ ಬೇಡಿಕೆ, ಅವರಿಂದ ಸಲ್ಲುತ್ತಿದ್ದುದು ಅಡಿಗೆಮನೆಯಿಂದ. ದಿನದ ಕೆಲಸ ಮುಗಿಸಿ ದೇವರ ಮುಂದೆ ಕುಳಿತುಕೊಳ್ಳುವುದು ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಮನೆಯ ಹೆಂಗಸಿಗೆ ಕೆಲಸ ಮುಗಿಯುವ ಹೊತ್ತು ಯಾವುದು? ಸಂಜೆಯ ಪ್ರಾರ್ಥನೆಯನ್ನು ಕುರಿತು ಬರೆದ ಮಹನೀಯರಲ್ಲಿ ಬಹುಮಂದಿ ಒಲೆಯ ಮೇಲೆ ಅನ್ನವಿಟ್ಟು ಬಂದವರಲ್ಲ ಎಂಬುದನ್ನು ಓದುವಾಗ ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ಊರಿನಲ್ಲಿ ಈ ಮನೆಪ್ರಾರ್ಥನೆಗೂ ಹಂಚಿಗೂ ಹಳೆಯ ನಂಟು. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರು ಕುಲದೊಡನೆ ಕಸುಬನ್ನೂ ಕಳೆದುಕೊಳ್ಳುತ್ತಿದ್ದುದರಿಂದ ಅವರಿಗೆ ದುಡಿಮೆಯನ್ನು ಒದಗಿಸುವ ಹೊಣೆ ಮಿಶನ್ನಿನ ಮೇಲೆ ಬಿತ್ತು. 1841ರಲ್ಲಿ ಮುದ್ರಣಾಲಯ, 1851ರಲ್ಲಿ ನೇಯ್ಗೆಯ ಶಾಲೆ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹುಟ್ಟಿಕೊಂಡವು. ಅದನ್ನು ನೋಡಿ ಹೊಳೆಯ ದಂಡೆಯಲ್ಲಿ ಬೇರೆಯವರ ಕಾರ್ಖಾನೆಗಳೂ ಎದ್ದುವು. ಅಪ್ಪ ದುಡಿದದ್ದು ಹಾಗೆ ಎದ್ದ ಒಂದರಲ್ಲಿ. ಬೇಸಾಯಗಾರನ ಸಂಜೆಯನ್ನು ಸೂರ್ಯ ನಿಶ್ಚಯಿಸುತ್ತಾನೆ; ಕಾರ್ಖಾನೆಯವನ ಸಂಜೆಯನ್ನು ಕೂಗು ನಿಶ್ಚಯಿಸುತ್ತದೆ. ಜರ್ಮನಿ, ಸ್ವಿಜರ್ಲೆಂಡುಗಳ ಭಕ್ತಮನೆಗಳಿಂದ ಬಂದ ಆ ಬೋಧಕರ ನಿಯತಕಾಲದ ಕುಟುಂಬಪ್ರಾರ್ಥನೆ ನಮ್ಮ ಮನೆಗಳಲ್ಲಿ ಅಷ್ಟು ಗಟ್ಟಿಯಾಗಿ ನೆಲೆಯೂರಿದ್ದಕ್ಕೆ ಕೂಗಿನ ಈ ಹೊಸ ಶಿಸ್ತೂ ಒಂದು ಕಾರಣವಾಗಿರಬೇಕೆಂದು ನನಗೆ ತೋರುತ್ತದೆ.

ಬೇಲಿಯ ಆಚೆಗೆ ಕಥೋಲಿಕರ ಮನೆ. ಅಲ್ಲಿ ಸಂಜೆಗೆ ಹೆಸರೇ ಬೇರೆ: ಆಮೊರಿ. 'ಆವೆ ಮರಿಯ' ಎಂಬ ಲ್ಯಾಟಿನ್ ಮಾತು ಕೊಂಕಣಿಯ ನಾಲಗೆಯಲ್ಲಿ ಸವೆದು ಸವೆದು ಹಾಗಾಯಿತೆನ್ನುತ್ತಾರೆ. ಇಗರ್ಜಿಯ ಗಂಟೆ ಬಾರಿಸಿದಾಗ ಆ ಮನೆಯ ಮುದುಕಿ ಎಲ್ಲಿದ್ದರೂ ಅಲ್ಲಿಯೇ ನಿಲ್ಲುವರು. ಕೈಯಲ್ಲಿ ಕೊಡಪಾನವಿದ್ದರೂ ಸರಿ, ಕೋಳಿಯಿದ್ದರೂ ಸರಿ. ಕತ್ತಲಾದ ಮೇಲೆ ತೇರ್ಸ್, ಎಂದರೆ ಜಪಮಾಲೆ. ಪೋರ್ಚುಗೀಸಿನಲ್ಲಿ ಆ ಶಬ್ದಕ್ಕೆ ಮೂರನೆಯ ಒಂದು ಪಾಲು ಎಂದರ್ಥ. ನೂರೈವತ್ತು ಮರಿಯವಂದನೆಗಳ ಪೂರ್ತಿ ಮಾಲೆಯಲ್ಲಿ ಐವತ್ತರ ಪಾಲು. ಅದು ಮುಗಿದ ಕೂಡಲೆ ಮಕ್ಕಳು ಸಾಲಾಗಿ ಬಂದು ಹಿರಿಯರಿಂದ ಬೆಸಾಂವ್ ಬೇಡುವರು. ಬೆಸಾಂವ್ ಎಂದರೆ ಆಶೀರ್ವಾದ. ಹಗಲು ಏಟು ತಿಂದ ಮಗನೂ ಬರಬೇಕು, ಏಟು ಕೊಟ್ಟ ತಂದೆಯೂ ಕೈ ಎತ್ತಬೇಕು. ನಮ್ಮ ಮನೆಯಲ್ಲಿ ಈ ಪದ್ಧತಿ ಇರಲಿಲ್ಲ. ಬೇಲಿಯ ಸಂದಿನಿಂದ ನೋಡುತ್ತಿದ್ದ ನನಗೆ ಅದನ್ನು ಕಂಡು ಸ್ವಲ್ಪ ಅಸೂಯೆಯೇ ಆಗುತ್ತಿತ್ತು.

ಮಿಲೆ ಎಂಬ ಫ್ರೆಂಚ್ ಚಿತ್ರಕಾರನು 1857ರಿಂದ 1859ರ ಅವಧಿಯಲ್ಲಿ ರಚಿಸಿದ 'ಆಂಜಲಸ್' ಎಂಬ ಚಿತ್ರದ ಪ್ರತಿಯನ್ನು ನಿಮ್ಮಲ್ಲಿ ಅನೇಕರು ಕ್ಯಾಲೆಂಡರುಗಳಲ್ಲಿಯಾದರೂ ಕಂಡಿರಬಹುದು. ಆಲೂಗೆಡ್ಡೆಯ ಹೊಲದಲ್ಲಿ ಗಂಡಹೆಂಡಿರಿಬ್ಬರು ತಲೆಬಾಗಿಸಿ ನಿಂತಿದ್ದಾರೆ. ದೂರದಲ್ಲಿ ಇಗರ್ಜಿಯ ಗೋಪುರ. ಗಂಟೆ ಕೇಳಿಸಿದಾಗ ತನ್ನ ಅಜ್ಜಿ ಹೊಲದ ಕೆಲಸವನ್ನು ನಿಲ್ಲಿಸಿ, ತೀರಿಹೋದ ಬಡವರಿಗಾಗಿ ಎಲ್ಲರೂ ಪ್ರಾರ್ಥಿಸುವಂತೆ ಮಾಡುತ್ತಿದ್ದುದನ್ನು ನೆನೆದು ತಾನು ಆ ಚಿತ್ರವನ್ನು ಬರೆದೆನೆಂದು ಮಿಲೆ ಹೇಳಿಕೊಂಡಿದ್ದಾನೆ. ನನಗೆ ಆ ಚಿತ್ರದಲ್ಲಿ ಹಿಡಿಸುವುದು ಭಕ್ತಿಗಿಂತ ಹೆಚ್ಚಾಗಿ, ನೆಲದಲ್ಲಿ ನೆಟ್ಟು ನಿಲ್ಲಿಸಿರುವ ಆ ಕವಲುಗೋಲು. ಕೆಲಸದ ಆಯುಧ ಕೈಯಿಂದ ಬಿಡುಗಡೆ ಪಡೆದು ಮಗ್ಗುಲಲ್ಲಿ ತಾನೂ ನಿಂತಿದೆ.

ಮುಸ್ಸಂಜೆಗೆ ದೀಪವಿಟ್ಟು ಕೈಮುಗಿಯುವುದು ನಮ್ಮ ನಾಡಿನ ಯಾವ ಮನೆಗೂ ಹೊಸದಲ್ಲ. ಕ್ರೈಸ್ತರಲ್ಲಿಯೂ ಸಂಜೆಯ ಪ್ರಾರ್ಥನೆ ಮೊದಲಾದದ್ದು ದೀಪದಿಂದಲೇ. ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಎಗೇರಿಯ ಎಂಬ ಯಾತ್ರಿಕಳೊಬ್ಬಳು ಪಶ್ಚಿಮದ ಸೀಮೆಯಿಂದ ಯೆರೂಸಲೇಮಿಗೆ ಹೋಗಿ, ಕಂಡದ್ದನ್ನೆಲ್ಲ ತನ್ನ ಊರಿನ ಸೋದರಿಯರಿಗೆ ಕಾಗದದಲ್ಲಿ ಬರೆದಳು. ಇಳಿಹೊತ್ತಿನಲ್ಲಿ ಅಲ್ಲಿಯ ದೇವಾಲಯದ ದೀಪಗಳನ್ನೆಲ್ಲ ಬೆಳಗುತ್ತಿದ್ದರಂತೆ. ಆದರೆ ಬೆಂಕಿಯನ್ನು ಹೊರಗಿನಿಂದ ತರುತ್ತಿರಲಿಲ್ಲ. ಯೇಸುವಿನ ಸಮಾಧಿಯ ಗುಹೆಯೊಳಗೆ ಹಗಲಿರುಳೂ ಉರಿಯುತ್ತಿದ್ದ ಒಂದು ದೀಪದಿಂದ ಅದನ್ನು ಹೊತ್ತಿಸಿ ಹೊರಗೆ ತರುತ್ತಿದ್ದರು. ಸಾವಿನ ಮನೆಯಿಂದ ಬೆಳಕನ್ನು ಎರವಲು ತರುವ ಈ ಪದ್ಧತಿಯನ್ನು ಆಕೆ ಯಾವ ವ್ಯಾಖ್ಯಾನವೂ ಇಲ್ಲದೆ, ಊರಿನ ಸುದ್ದಿಯನ್ನು ಹೇಳುವವಳಂತೆ ಹೇಳಿಬಿಡುತ್ತಾಳೆ. ಅದೇ ಶತಮಾನದ ಬಸಿಲನು, ಸಂಜೆಯ ದೀಪ ಕಂಡಾಗ ಹೇಳುವ ಸ್ತುತಿ ತನ್ನ ಕಾಲಕ್ಕಾಗಲೇ ಹಳೆಯದೆಂದೂ, ಅದನ್ನು ಕಟ್ಟಿದವನು ಯಾರೆಂದು ಹೇಳಲಾರೆನೆಂದೂ ಬರೆದಿದ್ದಾನೆ.

ಈ ಸಂಜೆಯ ಹಿಂದೆ ಯೆಹೂದ್ಯರ ಕಾಲಗಣನೆ ಇದೆ. ಅವರಿಗೆ ದಿನ ಮೊದಲಾಗುವುದು ಸೂರ್ಯೋದಯದಿಂದಲ್ಲ, ಸೂರ್ಯಾಸ್ತದಿಂದ. ಸೃಷ್ಟಿಯ ಕಥೆಯಲ್ಲಿಯೂ ಸಾಯಂಕಾಲ ಮುಂದು, ಪ್ರಾತಃಕಾಲ ಹಿಂದು. ಕ್ರೈಸ್ತ ಪಂಚಾಂಗದಲ್ಲಿ ದೊಡ್ಡ ಹಬ್ಬಗಳು ಹಿಂದಿನ ಸಂಜೆಯೇ ಆರಂಭವಾಗುವುದಕ್ಕೆ ಇದೇ ಮೂಲ. ಮನುಷ್ಯನು ದಿನವನ್ನು ತನ್ನ ದುಡಿಮೆಯಿಂದ ಆರಂಭಿಸುವುದಿಲ್ಲ, ನಿದ್ದೆಯಿಂದ ಆರಂಭಿಸುತ್ತಾನೆ. ಬೆಳಗ್ಗೆ ಏಳುವ ಹೊತ್ತಿಗೆ ಅರ್ಧ ದಿನ ಅವನ ಸಹಾಯವಿಲ್ಲದೆಯೇ ನಡೆದುಹೋಗಿರುತ್ತದೆ. ತನ್ನಿಂದಲೇ ಲೋಕ ನಡೆಯುತ್ತಿದೆ ಎಂದು ತಿಳಿದ ಮೇಸ್ತ್ರಿಗಳಿಗೆ, ಗುಮಾಸ್ತರಿಗೆ, ಉಪಾಧ್ಯಾಯರಿಗೆ (ನಾನೂ ಆ ಕೊನೆಯ ವರ್ಗಕ್ಕೆ ಸೇರಿದವನು) ಇದು ಒಳ್ಳೆಯ ಔಷಧ.

ಆರನೆಯ ಶತಮಾನದಲ್ಲಿ ಬೆನೆಡಿಕ್ಟನು ಮಠವಾಸಿಗಳಿಗಾಗಿ ನಿಯಮಗಳನ್ನು ಬರೆದಾಗ ಮಲಗುವ ಮುನ್ನಿನ ಪ್ರಾರ್ಥನೆಗೆ ಒಂದು ಖಚಿತವಾದ ರೂಪ ಕೊಟ್ಟ. ಅದರ ಲ್ಯಾಟಿನ್ ಹೆಸರಿಗೆ 'ಪೂರ್ತಿಮಾಡುವುದು' ಎಂದರ್ಥ. ಪ್ರತಿರಾತ್ರಿಯೂ ಅವೇ ಮೂರು ಕೀರ್ತನೆಗಳು. ಬಾಯಿಪಾಠವಾದವನಿಗೆ ಪುಸ್ತಕ ಬೇಡ, ದೀಪವೂ ಬೇಡ. ಅದು ಮುಗಿದ ಮೇಲೆ ಯಾರೂ ಮಾತನಾಡಕೂಡದು. ಬೆನೆಡಿಕ್ಟನ ಸಂನ್ಯಾಸಿಗಳು ಕೈಯಿಂದ ದುಡಿಯುವವರು. ಹಾರೆ, ಕುಡುಗೋಲುಗಳನ್ನು ಪೂಜಾಪಾತ್ರೆಗಳಂತೆ ಜೋಪಾನ ಮಾಡಬೇಕೆಂದು ಅವನು ವಿಧಿಸಿದ್ದಾನೆ. ಅವನಿಗೆ ಸಾವಿರ ವರ್ಷಗಳ ತರುವಾಯ ಅದೇ ಸಂಪ್ರದಾಯದೊಡನೆ ಜಗಳವಾಡಿ ಹೊರಬಂದ ಲೂಥರನು 1529ರ ತನ್ನ ಚಿಕ್ಕ ಪ್ರಶ್ನೋತ್ತರಮಾಲೆಯಲ್ಲಿ ಮನೆಯ ಯಜಮಾನನಿಗೆ ಸಂಜೆಯ ಪ್ರಾರ್ಥನೆಯನ್ನು ಬರೆದುಕೊಟ್ಟು, ಅದು ಮುಗಿದೊಡನೆ ತಡಮಾಡದೆ ಸಂತೋಷದಿಂದ ಮಲಗಿ ನಿದ್ರಿಸುವಂತೆ ಹೇಳಿದ. ಪ್ರಾರ್ಥಿಸು ಎನ್ನುವ ಧರ್ಮಗುರುಗಳು ಬೇಕಾದಷ್ಟು ಮಂದಿ. ಹೋಗಿ ಮಲಗು ಎಂದವರು ಅಪರೂಪ.

ಆದರೆ ನಿದ್ದೆ ಬರಬೇಕಲ್ಲ! ದೀಪ ಆರಿಸಿದ ಮೇಲೆ ಹಗಲು ಎದ್ದು ಕೂಡುತ್ತದೆ. ಈ ಹಗಲನ್ನು ಕರೆದು ವಿಚಾರಿಸುವ ಪದ್ಧತಿ ಕ್ರೈಸ್ತರು ಕಂಡುಹಿಡಿದದ್ದಲ್ಲ. ರೋಮಿನ ಸೆನೆಕನು ಕೋಪವನ್ನು ಕುರಿತ ತನ್ನ ಗ್ರಂಥದಲ್ಲಿ, ದೀಪವನ್ನು ಒಳಗೆ ಒಯ್ದ ಮೇಲೆ, ತನ್ನ ಅಭ್ಯಾಸವನ್ನು ಬಲ್ಲ ಹೆಂಡತಿ ಮೌನವಾದ ಮೇಲೆ, ತಾನು ದಿನದ ನಡೆನುಡಿಗಳನ್ನೆಲ್ಲ ಅಳೆದು ನೋಡುವೆನೆಂದು ಬರೆದಿದ್ದಾನೆ. ಅಲ್ಲಿ ಅಪರಾಧಿಯೂ ಸೆನೆಕನೇ, ನ್ಯಾಯಾಧೀಶನೂ ಸೆನೆಕನೇ. ಅವನು ತನ್ನನ್ನು ತಾನೇ ಕ್ಷಮಿಸಿಕೊಂಡು ಮಲಗುತ್ತಾನೆ. ಕ್ರೈಸ್ತನ ಸಂಜೆಯ ವಿಚಾರಣೆಯಲ್ಲಿ ಆ ಅಧಿಕಾರ ಅವನ ಕೈಯಲ್ಲಿಲ್ಲ. ಲೆಕ್ಕವನ್ನು ಇನ್ನೊಬ್ಬನಿಗೆ ಒಪ್ಪಿಸಬೇಕು. ವ್ಯತ್ಯಾಸವೆಲ್ಲ ಇಲ್ಲಿದೆ.

ಇದಕ್ಕೆ ಒಂದು ಶಾಸ್ತ್ರವನ್ನೇ ಮಾಡಿಟ್ಟವನು ಲೊಯೋಲದ ಇಗ್ನೇಷಿಯಸ್. ಮೊದಲು ಸೈನಿಕ, 1521ರಲ್ಲಿ ಪಾಂಪ್ಲೋನದ ಕೋಟೆಯಲ್ಲಿ ಗುಂಡು ತಗಲಿ ಕಾಲು ಮುರಿದುಕೊಂಡ. ಹಾಸಿಗೆಯಲ್ಲಿ ಬಿದ್ದಿದ್ದಾಗ ಬದುಕಿನ ದಿಕ್ಕು ತಿರುಗಿತು. 1548ರಲ್ಲಿ ಪೋಪರ ಒಪ್ಪಿಗೆ ಪಡೆದ ಅವನ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಪುಸ್ತಕದಲ್ಲಿ ಒಂದು ದೋಷವನ್ನು ಹಿಡಿದು ತಿದ್ದಿಕೊಳ್ಳಲು ಒಂದು ಉಪಾಯವಿದೆ: ವಾರದ ಪ್ರತಿ ದಿನಕ್ಕೂ ಎರಡೆರಡು ಗೆರೆ ಎಳೆದುಕೊಳ್ಳಬೇಕು, ಮಧ್ಯಾಹ್ನಕ್ಕೊಂದು, ರಾತ್ರಿಗೊಂದು, ಎಡವಿದಷ್ಟು ಸಲ ಗೆರೆಯ ಮೇಲೆ ಚುಕ್ಕೆ ಇಡಬೇಕು. ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕವೇ ಸರಿ! ಮಂಗಳೂರಿನಲ್ಲಿ ಯೇಸುಸಭೆಯ ಪಾದ್ರಿಗಳು 1880ರಲ್ಲಿ ಸ್ಥಾಪಿಸಿದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಓದಿದವರಿಗೆ ಈ ಪರೀಕ್ಷೆ ಅಪರಿಚಿತವಾಗಿರಲಾರದು.

ಚುಕ್ಕೆಗಳ ಈ ಲೆಕ್ಕವನ್ನು ನಾನು ಬಹುಕಾಲ ಸಂದೇಹದಿಂದ ನೋಡುತ್ತಿದ್ದೆ. ತನ್ನ ತಪ್ಪುಗಳನ್ನು ಎಣಿಸುತ್ತ ಕುಳಿತವನಿಗೆ ಆ ಎಣಿಕೆಯೇ ಒಂದು ಹೆಮ್ಮೆಯಾಗಬಹುದು, ಇಲ್ಲವೇ ರೋಗವಾಗಬಹುದು. ಇಗ್ನೇಷಿಯಸನಿಗೂ ಆ ರೋಗ ತಗಲಿತ್ತು. ಮನ್ರೇಸ ಎಂಬ ಊರಿನಲ್ಲಿದ್ದಾಗ, ಹೇಳಿಕೊಂಡ ಪಾಪಗಳನ್ನೇ ಮತ್ತೆ ಮತ್ತೆ ಹೇಳಿಕೊಂಡು ಸಮಾಧಾನ ಕಾಣದೆ ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೆ ಅವನು ಹೋಗಿದ್ದನಂತೆ. ಆ ನರಕವನ್ನು ಕಂಡು ಬಂದವನಾದುದರಿಂದಲೇ ಇರಬೇಕು, ಸಂಜೆಯ ಪರೀಕ್ಷೆಯ ಐದು ಹಂತಗಳಲ್ಲಿ ಮೊದಲನೆಯದನ್ನು ಅವನು ತಪ್ಪಿಗೆ ಕೊಡಲಿಲ್ಲ, ಕೃತಜ್ಞತೆಗೆ ಕೊಟ್ಟ. ಮೊದಲು ಬಂದದ್ದನ್ನು ಬರೆದುಕೊಳ್ಳಬೇಕು, ಖರ್ಚು ಆಮೇಲೆ. ಎರಡನೆಯದು ತನ್ನನ್ನು ತಾನು ಕಾಣುವ ಬೆಳಕನ್ನು ಬೇಡುವುದು, ಮೂರನೆಯದು ಗಳಿಗೆಗಳಿಗೆಯಾಗಿ ದಿನವನ್ನು ಹಿಂದಿರುಗಿ ನೋಡುವುದು, ನಾಲ್ಕನೆಯದು ಕ್ಷಮೆ, ಐದನೆಯದು ನಾಳೆ ತಿದ್ದಿಕೊಳ್ಳುವ ನಿಶ್ಚಯ. ಈ ಐದನೆಯದರ ಭಾರ ಎಷ್ಟೆಂಬುದು ನನಗೆ ತಿಳಿದದ್ದು ಪುಸ್ತಕದಿಂದಲ್ಲ. ಅದನ್ನು ಹೇಳುವುದಕ್ಕೆ ಮುಂಚೆ ಇನ್ನೊಂದು ಮಾತನ್ನು ಹೇಳಬೇಕಾಗಿದೆ.

ಸತ್ಯವೇದದಲ್ಲಿ ಸಂಜೆ ಪ್ರಾರ್ಥನೆಯ ಹೊತ್ತು ಮಾತ್ರವಲ್ಲ, ಕೂಲಿಯ ಹೊತ್ತೂ ಹೌದು. ಇದನ್ನು ನಮ್ಮ ಭಕ್ತಿಗ್ರಂಥಗಳು ಯಾಕೋ ಅಷ್ಟಾಗಿ ಹೇಳುವುದಿಲ್ಲ. ದಿನಗೂಲಿಯವನ ಕೂಲಿ ಬೆಳಗಿನವರೆಗೆ ನಿನ್ನ ಬಳಿಯಲ್ಲಿ ಉಳಿಯಬಾರದೆಂದು ಮೋಶೆಯ ಧರ್ಮಶಾಸ್ತ್ರ ವಿಧಿಸುತ್ತದೆ. ಸೂರ್ಯ ಮುಳುಗುವ ಮುಂಚೆ ಕೊಟ್ಟುಬಿಡಬೇಕು. ಯಾಕೆಂದರೆ ಅವನು ಬಡವ, ಅವನ ಮನಸ್ಸೆಲ್ಲ ಅದರ ಮೇಲಿದೆ. ಕೊಡದಿದ್ದರೆ ಅವನು ನಿನ್ನ ವಿರುದ್ಧ ದೇವರಿಗೆ ಮೊರೆಯಿಡುವನು. ಈ ಕೊನೆಯ ಕಾರಣವನ್ನು ಗಮನಿಸಿ. ಸಂಜೆ ಯಜಮಾನನೂ ಪ್ರಾರ್ಥಿಸುತ್ತಾನೆ, ಕೂಲಿಯವನೂ ಪ್ರಾರ್ಥಿಸುತ್ತಾನೆ. ಎರಡು ಪ್ರಾರ್ಥನೆಗಳೂ ಒಂದೇ ಹೊತ್ತಿನಲ್ಲಿ ಒಂದೇ ಬಾಗಿಲಿಗೆ ಹೋಗಿ ನಿಲ್ಲುತ್ತವೆ.

ದ್ರಾಕ್ಷೆಯ ತೋಟದ ಕೂಲಿಯಾಳುಗಳ ಸಾಮತಿಯೂ ಸಂಜೆಯ ಕಥೆಯೇ. ಬೆಳಗ್ಗೆ ಬಂದವರು, ಮಧ್ಯಾಹ್ನ ಬಂದವರು, ಹೊತ್ತು ಮುಳುಗುವುದಕ್ಕೆ ಒಂದು ಗಂಟೆಯಿರುವಾಗ ಬಂದವರು. ಸಂಜೆ ಯಜಮಾನನು ತನ್ನ ಪಾರುಪತ್ಯಗಾರನನ್ನು ಕರೆದು ಕೊನೆಗೆ ಬಂದವರಿಂದ ಮೊದಲುಮಾಡಿ ಎಲ್ಲರಿಗೂ ಒಂದೇ ಸಮನಾಗಿ ಬಟವಾಡೆ ಮಾಡಿಸುತ್ತಾನೆ. ದೇವರ ಕೃಪೆಗೆ ಲೆಕ್ಕವಿಲ್ಲವೆಂದು ಇದನ್ನು ಬೋಧಕರು ವಿವರಿಸುತ್ತಾರೆ. ಅಪ್ಪನಿಗೆ ಮಾತ್ರ ಈ ಕಥೆ ಹಿಡಿಸುತ್ತಿರಲಿಲ್ಲ. "ಹೀಗೆ ಬಟವಾಡೆ ಮಾಡಿದರೆ ಮರುದಿನ ಬೆಳಗ್ಗೆ ಒಬ್ಬನಾದರೂ ಕೆಲಸಕ್ಕೆ ಬಂದಾನೆಯೇ?" ಎನ್ನುತ್ತಿದ್ದರು. ಯಜಮಾನನ ಔದಾರ್ಯ ಸರಿ. ಗೊಣಗುವವರನ್ನು ಮರುದಿನ ಎದುರಿಸಬೇಕಾದವನು ಪಾರುಪತ್ಯಗಾರ ತಾನೆ!

ಕರ್ತನ ಪ್ರಾರ್ಥನೆಯಲ್ಲಿಯೂ ಈ ಲೆಕ್ಕದ ವಾಸನೆಯಿದೆ. ನಾವು ಕನ್ನಡದಲ್ಲಿ ತಪ್ಪು ಎನ್ನುವ ಕಡೆ ಮತ್ತಾಯನ ಗ್ರೀಕಿನಲ್ಲಿರುವ ಶಬ್ದಕ್ಕೆ ಸಾಲ ಎಂದು ಅರ್ಥ. ಯೇಸು ಆಡುತ್ತಿದ್ದ ಅರಮಾಯ ಭಾಷೆಯಲ್ಲಿ ಪಾಪಕ್ಕೂ ಸಾಲಕ್ಕೂ ಒಂದೇ ಶಬ್ದ. ಬೆನೆಡಿಕ್ಟನು ಈ ಪ್ರಾರ್ಥನೆಯನ್ನು ಬೆಳಗ್ಗೆ ಮತ್ತು ಸಂಜೆ ಮಠದ ಹಿರಿಯನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಬೇಕೆಂದು ಕಟ್ಟಳೆ ಮಾಡಿದ. ಅದಕ್ಕೆ ಅವನು ಕೊಟ್ಟ ಕಾರಣ, ಜೊತೆಯಲ್ಲಿ ಬಾಳುವವರ ನಡುವೆ ಜಗಳದ ಮುಳ್ಳುಗಳು ಹುಟ್ಟುತ್ತಲೇ ಇರುತ್ತವೆ ಎಂಬುದು. ನಾವು ಕ್ಷಮಿಸುವಂತೆಯೇ ನಮ್ಮನ್ನು ಕ್ಷಮಿಸು ಎಂದು ಬಾಯಿಬಿಟ್ಟು ಹೇಳಿದವನು ಆ ಮಾತಿಗೆ ಸಿಕ್ಕಿಬೀಳುತ್ತಾನೆ.

ಹಾಗೆ ಸಿಕ್ಕಿಬಿದ್ದವರೊಬ್ಬರನ್ನು ನಾನು ನೋಡಿದ್ದೇನೆ.

ಆ ವರ್ಷ ನನಗೆ ಒಂಬತ್ತು ತುಂಬಿತ್ತು. ಅಂದು ಶನಿವಾರ, ಕಾರ್ಖಾನೆಯಲ್ಲಿ ವಾರದ ಬಟವಾಡೆಯ ದಿನ. ಎಂದಿನಂತೆ ಪ್ರಾರ್ಥನೆ ನಡೆಯಿತು. ಆಹಾರದ ಬೇಡಿಕೆ ಮುಗಿಯಿತು, ಅಮ್ಮ ಎದ್ದರು. ಅಲ್ಲಿಗೆ ಅಪ್ಪನ ದನಿ ನಿಂತಿತು. ತೂಕಡಿಸಿದರೆಂದು ಅಮ್ಮ ಅಡಿಗೆಮನೆಯಿಂದಲೇ ಕೆಮ್ಮಿದರು. ನಾನು ಕಣ್ಣು ತೆರೆದು ನೋಡಿದೆ. ಅಪ್ಪ ಎಚ್ಚರವಾಗಿಯೇ ಇದ್ದರು; ತಮ್ಮ ಅಂಗೈಗಳನ್ನು ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ, "ನೀವು ಮುಗಿಸಿ" ಎಂದು ಎದ್ದು, ಅಂಗಿ ಹಾಕಿಕೊಂಡು, ಲಾಟೀನು ಹಿಡಿಯುವುದಕ್ಕೆ ನನ್ನನ್ನು ಕರೆದರು.

ತೋಡಿನ ಬದಿಯ ಕಾಲುದಾರಿಯಲ್ಲಿ ನಡೆಯುತ್ತ ಅಪ್ಪ ಚೂರುಚೂರಾಗಿ ಹೇಳಿದರು. ಒಬ್ಬ ಆಳು ಹಸಿಹಂಚು ಹೊತ್ತು ತರುವಾಗ ಕಾಲುಹಲಗೆ ಮುರಿದು ಬಿದ್ದನಂತೆ. ಹಂಚುಗಳೆಲ್ಲ ಮುದ್ದೆಯಾದುವು. ಅಪ್ಪ ಅವನನ್ನು ಎಲ್ಲರೆದುರಿಗೆ ಬೈದು ಅವನ ಹೆಸರಿಗೆ ಅರ್ಧ ದಿನ ಕಡಿದು ಬರೆದರು. ಬಟವಾಡೆ ಮುಗಿದುಹೋಯಿತು. ಹಲಗೆ ಲಡ್ಡಾಗಿರುವುದು ಅಪ್ಪನಿಗೆ ಮೊದಲೇ ಗೊತ್ತಿತ್ತು. ಬದಲಾಯಿಸಬೇಕೆಂದು ಎರಡು ವಾರದಿಂದ ಅಂದುಕೊಳ್ಳುತ್ತಿದ್ದವರು ಅವರೇ.

ಆ ಮನೆಯ ಜಗಲಿಯಲ್ಲಿ ಒಂದು ಚಿಮಣಿ ದೀಪ. ಅದರ ಬೆಳಕಿನಲ್ಲಿ ಅವನ ಹೆಂಡತಿ ಬೀಡಿ ಕಟ್ಟುತ್ತಿದ್ದಳು. ನಮ್ಮನ್ನು ಕಂಡು ಸೂಪನ್ನು ಬದಿಗಿಟ್ಟು ಒಳಗೆ ಹೋಗಿ, ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ತಂದಿಟ್ಟಳು. ಅವನು ಕಾಲಿಗೆ ಏನೋ ಸೊಪ್ಪಿನ ಪಟ್ಟು ಕಟ್ಟಿಕೊಂಡು ಕುಳಿತಿದ್ದ. ಅಪ್ಪ ನಿಂತುಕೊಂಡೇ, ತಪ್ಪು ತಮ್ಮದೆಂದು ಹೇಳಿ, ಅರ್ಧ ದಿನದ ಕೂಲಿಯನ್ನು ಜೇಬಿನಿಂದ ತೆಗೆದು ಜಗಲಿಯ ಮೇಲಿಟ್ಟರು. ಅವನು ಅದನ್ನು ಮುಟ್ಟಲಿಲ್ಲ. ತುಳುವಿನಲ್ಲಿ, ಸಿಟ್ಟಿಲ್ಲದ ದನಿಯಲ್ಲಿ, ಅವನು ಹೇಳಿದ್ದು ಇಷ್ಟು: "ಬೈದದ್ದು ಹಗಲಿನಲ್ಲಿ, ಅಷ್ಟು ಜನರ ಎದುರಿಗೆ. ತಪ್ಪಾಯಿತು ಅನ್ನುವುದಕ್ಕೆ ಕತ್ತಲೆಯಲ್ಲಿ ಬಂದಿರಲ್ಲ, ಮೇಸ್ತ್ರಿಗಳೇ?"

ಅಪ್ಪ ಬೆಲ್ಲ ಬಾಯಿಗಿಟ್ಟುಕೊಂಡು ನೀರು ಕುಡಿದರು. ಹಣವನ್ನು ಜೇಬಿಗೆ ಹಾಕಿಕೊಂಡರು. ಹಿಂದಿರುಗುವಾಗ ಮಾತಿಲ್ಲ. ಮನೆಯಲ್ಲಿ ನಿಂತ ಪ್ರಾರ್ಥನೆಯನ್ನು ಅವರು ಮುಂದುವರಿಸಲೂ ಇಲ್ಲ.

ಸಂಜೆಯ ಪ್ರಾರ್ಥನೆಯನ್ನು ಒಪ್ಪದವರು ಹೇಳಬಹುದಾದ ಅತ್ಯಂತ ಕಠಿಣವಾದ ಮಾತನ್ನು ಆ ಮನುಷ್ಯ ಎಂದೋ ಹೇಳಿಬಿಟ್ಟಿದ್ದಾನೆ. ರಾತ್ರಿಯ ಏಕಾಂತದಲ್ಲಿ ಕೇಳಿಕೊಂಡ ಕ್ಷಮೆ ಅಗ್ಗವಾಗುವುದುಂಟು. ದಿನವಿಡೀ ಒಬ್ಬರ ಹೊಟ್ಟೆಯ ಮೇಲೆ ಹೊಡೆದು, ಸಂಜೆ ದೇವರ ಮುಂದೆ ಕಣ್ಣೀರು ಸುರಿಸಿ, ಹಗುರಾಗಿ ಮಲಗುವ ಭಕ್ತರನ್ನು ನಾನು ಕಂಡಿದ್ದೇನೆ. ನಾನೂ ಹಾಗೆ ಮಲಗಿದ್ದೇನೆ. ಸೂರ್ಯ ಮುಳುಗುವ ಮುಂಚೆ ಕೋಪ ತೀರಬೇಕೆಂದು ಪೌಲನು ಎಫೆಸದವರಿಗೆ ಬರೆದ. ಕೋಪ ಮಾಡಿಕೊಂಡವನಿಗೆ ಅದು ಸಾಧ್ಯವಾದೀತು; ಕೋಪಕ್ಕೆ ಗುರಿಯಾದವನ ಸಾಲ ಸೂರ್ಯ ಮುಳುಗುವುದರೊಳಗೆ ತೀರುವುದು ಅಷ್ಟು ಸುಲಭವಲ್ಲ. ಬೆಳಕಿನಲ್ಲಿ ಮಾಡಿದ ಸಾಲವನ್ನು ಬೆಳಕಿನಲ್ಲಿಯೇ ತೀರಿಸಬೇಕು. ಇಗ್ನೇಷಿಯಸನ ಐದನೆಯ ಹಂತವನ್ನು ನಾನು ಓದುವಾಗಲೆಲ್ಲ ಆ ಜಗಲಿ, ಯಾರೂ ಮುಟ್ಟದ ಆ ನಾಣ್ಯಗಳು ಕಣ್ಣ ಮುಂದೆ ಬರುತ್ತವೆ.

ಮರುದಿನ ಭಾನುವಾರ. ದೇವಾಲಯಕ್ಕೆ ಹೋಗಿ ಬಂದೆವು. ಸಂಜೆ, ತಲೆನೋವೆಂದು ಹೇಳಿ ಅಪ್ಪ ಪ್ರಾರ್ಥನೆಯನ್ನು ಅಮ್ಮನಿಗೆ ಒಪ್ಪಿಸಿದರು. ಗೋಡೆಗೆ ಒರಗಿ ಕುಳಿತಿದ್ದರು. ಕ್ಷ��ೆಯ ಮಾತು ಬಂದಾಗ ಅವರ ತುಟಿ ಅಲ್ಲಾಡಲಿಲ್ಲ.

ಸೋಮವಾರ ಅವರು ಬೆಳಗ್ಗೆ ಎಂದಿಗಿಂತ ಮುಂಚೆ ಹೊರಟರು. ಮರಗೆಲಸದವನನ್ನು ಕಂಡು ಹೋಗಬೇಕೆಂದರು. ಸಂಜೆ ಕೂಗು ಆಗಿ ಅರ್ಧ ಗಂಟೆ ಕಳೆಯಿತು, ಒಂದು ಗಂಟೆ ಕಳೆಯಿತು. ಬೇಲಿಯಾಚೆ ತೇರ್ಸ್ ಮುಗಿದು ಮಕ್ಕಳು ಬೆಸಾಂವ್ ಬೇಡುವ ಸದ್ದೂ ಕೇಳಿಸಿತು. ಆಮೇಲೆ ಅಪ್ಪ ಬಂದರು. ಬಾವಿಕಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮಣಿಕಟ್ಟಿನ ಮೇಲೆ ಮಣ್ಣು ಇನ್ನೂ ಇರುವಾಗಲೇ ಬಂದು ಚಾಪೆಯ ಮೇಲೆ ಕುಳಿತರು. ಏನು ಎತ್ತ ಎಂದು ಅಮ್ಮ ಕೇಳಲಿಲ್ಲ. ಓದಿದ್ದು ಚಿಕ್ಕದೊಂದು ಭಾಗ; ಗೀತೆಯನ್ನು ಬಿಟ್ಟರು. ಭಟ್ಟಿ ಕಾಯುವವರನ್ನು ನೆನೆದ ಮೇಲೆ, ಎಂದೂ ಇಲ್ಲದ ಒಂದು ಹೆಸರನ್ನು ಸೇರಿಸಿ, ಅವನ ಕಾಲಿನ ನೋವು ಬೇಗನೆ ವಾಸಿಯಾಗಲೆಂದು ಬೇಡಿದರು. ಆಮೇಲೆ ಕರ್ತನ ಪ್ರಾರ್ಥನೆ. ಆಹಾರದ ಬೇಡಿಕೆ ಬಂತು, ಮುಗಿಯಿತು. ಮುಂದಿನ ಮಾತನ್ನು ಅಪ್ಪ ಎಲ್ಲಿಯೂ ನಿಲ್ಲದೆ, ಎಂದಿನ ದನಿಗಿಂತ ತುಸು ಗಟ್ಟಿಯಾಗಿಯೇ ಹೇಳಿದರು.

ನಾನು ಕಣ್ಣು ತೆರೆದಾಗ ಅಮ್ಮ ನನ್ನ ಪಕ್ಕದಲ್ಲಿಯೇ ಇದ್ದರು. ಆ ರಾತ್ರಿ ಅವರು ನಡುವೆ ಎದ್ದಿರಲಿಲ್ಲ. ಅನ್ನ ತಳ ಹಿಡಿದಿತ್ತು. ಯಾರೂ ಮಾತಾಡದೆ ಉಂಡೆವು.